ಬೋಣಿ ಆಗಲಿ

ಬೆಳಿಗ್ಗೆ ಐದೂ ಮುಕ್ಕಾಲಿಗೆ ಭಾವ ನೀಲಕಂಠಸ್ವಾಮಿಗೆ ‘ಆಯ್ತು’ ಅಂದುಬಿಟ್ಟಿದ್ದ ಸೋಮಶೇಖರನಿಗೆ ಕೆಳಗೇರಿಯ ಮಲ್ಲಾಜಮ್ಮ ಸತ್ತ ಸುದ್ದಿ ಬಂದದ್ದು ಆರೂ ಕಾಲಿಗೆ. ನಡುವೆ ಇದ್ದದ್ದು ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ಅವನು ಸ್ನಾನ ಮುಗಿಸಿ, ಹಣೆಗೆ ವಿಭೂತಿ ಇಟ್ಟು, ಹೊಸ ಬಿಳಿ ಅಂಗಿ ತೊಟ್ಟು, ಹೆಂಡತಿ ಶಾಂತಮಲ್ಲಮ್ಮ ತಂದುಕೊಟ್ಟ ಕಾಫಿ ಕುಡಿಯುತ್ತ ಇವತ್ತಿನ ದಿನ ಸಲೀಸಾಗಿ ಹೋಗುತ್ತದೆ ಅಂದುಕೊಂಡಿದ್ದ. ಹನ್ನೊಂದಕ್ಕೆ ಚಾಮರಾಜನಗರದಲ್ಲಿ ಪಕ್ಷದ ವೀಕ್ಷಕರು ಅವನನ್ನು ನೋಡಲಿದ್ದರು. ಯಾವಾಗ ನಡೆಯುತ್ತದೋ ದೇವರಿಗೂ ಗೊತ್ತಿಲ್ಲದ ಜಿಲ್ಲಾ ಪಂಚಾಯ್ತಿ ಚುನಾವಣೆಗೆ ಈಗಲೇ ಹೆಸರು ಆರಿಸುತ್ತಿದ್ದರು. ಭಾವ ಬಂದು ಕೇಳಿದ್ದು ಒಂದೇ ಮಾತು. ಮುತ್ತಿನಹುಂಡಿಯ ಕೆಳಗೇರಿಯವರು ಹೆಣ ಹೊತ್ತು ಸ್ಮಶಾನಕ್ಕೆ ಹೋಗುವ ಗಾಡಿಜಾಡು ಭಾವನ ಬಾಳೆತೋಟದ ನಡುವೆ ಹಾಯುತ್ತದೆ. ಊರಿನ ನಕಾಶೆಯಲ್ಲಿ ಚುಕ್ಕೆಗೆರೆಯಾಗಿ ಇವತ್ತಿಗೂ ಇದೆ. ಹೋದ ವರ್ಷ ಭಾವ ಹಂದಿ ಕಾಟವೆಂದು ಸುತ್ತ ಸೋಲಾರ್ ತಂತಿ ಎಳೆಸಿ, ಜಾಡಿನ ಬಾಯಿಗೆ ಗೇಟು ನಿಲ್ಲಿಸಿ ಬೀಗ ಜಡಿದಿದ್ದ. ಯುಗಾದಿಯೊಳಗೆ ತೆಗೆಸುತ್ತೇನೆ ಎಂದು ಗ್ರಾಮಸಭೆಯಲ್ಲಿ ಮೈಕು ಹಿಡಿದು ಹೇಳಿದವನು ಪಂಚಾಯ್ತಿ ಅಧ್ಯಕ್ಷ ಸೋಮಶೇಖರನೇ. ಯುಗಾದಿ ಹೋಗಿ ಗೌರಿಹಬ್ಬ ಹತ್ತಿರ ಬಂದಿತ್ತು. “ಈ ವಾರ ಆ ಗೇಟಿನ ತಂಟೆಗೆ ಓಗ್ಬ್ಯಾಡ ಸೋಮು, ಯಾರೇ ಬಂದು ಕೇಳ್ಲಿ,” ಎಂದಿದ್ದ ಭಾವ, ಚಪ್ಪಲಿ ಬಿಡದೆ ಜಗುಲಿಯ ಅಂಚಿನಲ್ಲೇ ನಿಂತು. ಸೋಮಶೇಖರನ ಬಾಯಿಂದ ‘ಆಯ್ತು’ ಹೊರಟದ್ದು ಯೋಚನೆ ಮಾಡಿ ಅಲ್ಲ. ಅದು ದಿನದ ಮೊದಲ ಕೇಳಿಕೆಯಾಗಿತ್ತು, ಅಷ್ಟೆ.

ಮೊದಲು ಬಂದವನಿಗೆ ಇಲ್ಲ ಅನ್ನಬಾರದು. ಗುಂಡ್ಲುಪೇಟೆಯ ಜವಳಿ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಮೂವತ್ತು ವರ್ಷ ಕೂತ ಅಪ್ಪ ಅವನಿಗೆ ಕಲಿಸಿದ ಮೊದಲ ಪಾಠ ಅದು. ಬೋಣಿಗೆ ಬಂದವನು ಕರವಸ್ತ್ರ ಕೇಳಿದರೂ ಕೊಡು, ಅಸಲಿಗೇ ಕೇಳಿದರೂ ಕೊಡು, ಬರಿಗೈಯಲ್ಲಿ ಮಾತ್ರ ಕಳಿಸಬೇಡ. ಬೋಣಿ ಕೆಟ್ಟರೆ ದಿನ ಕೆಟ್ಟಿತು. ಅಪ್ಪ ಸತ್ತರೂ ಪಾಠ ಸಾಯಲಿಲ್ಲ. ಒಂದು ಮಳಿಗೆ ಮೂರಾಯಿತು, ಓಣಂ ಬಂದರೆ ಕೇರಳದ ಸುಲ್ತಾನ್ ಬತ್ತೇರಿಯಿಂದ ಗಾಡಿ ಮಾಡಿಕೊಂಡು ಬರುವ ಗಿರಾಕಿಗಳಾದರು, ಹೆಂಗಸರು ನೂರು ಸೀರೆ ಬಿಡಿಸಿ ಹಾಕಿಸಿ ಎದ್ದುಹೋದರೂ ಮುಖ ಸಿಂಡರಿಸದ ಸೋಮಣ್ಣ ಎಂಬ ಹೆಸರಾಯಿತು. ಆ ಹೆಸರೇ ಅವನನ್ನು ಚುನಾವಣೆಗೆ ಎಳೆದು ತಂದದ್ದು. ಅಂಗಡಿ ನಡೆಸಿದವನಿಗೆ ಊರು ನಡೆಸುವುದು ಯಾವ ಮಹಾ ಎಂದರು ಎಲ್ಲರೂ. ಅವನಿಗೂ ಹಾಗೇ ಅನಿಸಿತ್ತು. ಅಧ್ಯಕ್ಷನಾದ ಆರು ತಿಂಗಳಲ್ಲೇ ಊರಿನ ಚಾಲಾಕಿಗಳಿಗೆ ಅವನ ಗುಟ್ಟು ಗೊತ್ತಾಗಿಹೋಯಿತು. ಚರಂಡಿ ಕೆಲಸ ಹಿಡಿಯುವ ಕಂಟ್ರಾಕ್ಟರು ಐದಕ್ಕೇ ಬಂದು ಜಗುಲಿಯ ಮೇಲೆ ಕೂರತೊಡಗಿದ. ಒಂದು ದಿನ ಇಬ್ಬರು, ಯಾರು ಮೊದಲು ಬಂದದ್ದೆಂದು ಕೈ ಕೈ ಮಿಲಾಯಿಸಿದರು. ಶಾಂತಮಲ್ಲಮ್ಮ ನಕ್ಕಿದ್ದಳು: ನಿಮಗೆ ಅಧ್ಯಕ್ಷಗಿರಿಗಿಂತ ಹಾಲಿನ ಬೂತು ಸರಿಯಾಗಿತ್ತು, ಮೊದಲು ಬಂದವರಿಗೆ ಮೊದಲು. ಅವನೂ ನಕ್ಕಿದ್ದ, ಆದರೆ ಆ ಮಾತು ಒಳಗೆಲ್ಲೋ ಮುಳ್ಳಿನ ಹಾಗೆ ಉಳಿದುಕೊಂಡಿತ್ತು.

ಸುದ್ದಿ ತಂದವನು ಮಲ್ಲಾಜಮ್ಮನ ಮಗ ಶಂಕರ್. ಬಂಡೀಪುರದಲ್ಲಿ ಅರಣ್ಯ ಇಲಾಖೆಯ ವಾಚರ್. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ರಾತ್ರಿ ಪಾಳಿಯಿಂದ ನೇರ ಬಂದಿದ್ದನೇನೋ, ಖಾಕಿ ಪ್ಯಾಂಟಿನ ಮೇಲೆ ಮನೆಯ ಅಂಗಿ ಹಾಕಿದ್ದ. ಬೈಕು ನಿಲ್ಲಿಸಿದವನು ಜಗುಲಿ ಹತ್ತಲಿಲ್ಲ. ಅವ್ವ ನಾಲ್ಕು ಗಂಟೆಗೆ ಹೋದಳು, ಹನ್ನೆರಡೂವರೆಗೆ ಎತ್ತುತ್ತೇವೆ ಎಂದ. ಹಳ್ಳದ ಸುತ್ತುದಾರಿಯಲ್ಲಿ ಮೊಳಕಾಲುದ್ದ ಕೆಸರಿದೆ, ಹೊರುವವರು ಜಾರಿದರೆ ಹೆಣ ಬೀಳುತ್ತದೆ ಎಂದ. ಆಮೇಲೆ, ತಂತಿ ಕತ್ತರಿಸೋದು ನನಗೆ ಗೊತ್ತಿಲ್ಲದ್ದಲ್ಲ ಸಾರ್, ಆದರೆ ಕತ್ತರಿಸಿದರೆ ಕೇಸಾಗಿ ನನ್ನ ಕೆಲಸ ಹೋಗುತ್ತದೆ ಎಂದ. “ನೀವು ಬಂದು ನಿಂತ್ಕಂಡು ಗೇಟು ತಗೀರಿ ಅಂದ್ರೆ ಸಾಕು. ನಮ್ಮಪ್ಪ ನಿಮ್ಮ ಮಾತಿನ ಮ್ಯಾಲೇ ಅವ್ನೆ.” ಸೋಮಶೇಖರನ ತುಟಿ ತಾನಾಗಿಯೇ ಅಗಲವಾಯಿತು. ಅದು ಗಲ್ಲಾಪೆಟ್ಟಿಗೆಯ ಹಿಂದಿನ ನಗೆ; ಸಾವಿನ ಮನೆಯವನ ಮುಂದೆ ಬರಬಾರದ್ದು, ಬಂದುಬಿಟ್ಟಿತು. “ನೋಡನ ಶಂಕರ್, ನೋಡನ” ಎಂದ. ಹುಡುಗ ಅವನ ಮುಖವನ್ನೇ ಒಂದು ಗಳಿಗೆ ನೋಡಿ ಬೈಕು ಒದ್ದ.

ಕಾರಿನಲ್ಲಿ ಗುಂಡ್ಲುಪೇಟೆಗೆ ಹೋಗುವಾಗ ಅವನು ತನಗೆ ತಾನೇ ಲೆಕ್ಕ ಹೇಳಿಕೊಂಡ. ಹನ್ನೊಂದಕ್ಕೆ ವೀಕ್ಷಕರು, ಹನ್ನೆರಡೂವರೆಗೆ ಗೇಟು, ಸಮಯ ಸಾಕು. ಭಾವನಿಗೆ ಹೇಳಿದರೆ ಸಾಯಲಿ ಬಿಡು, ಇವತ್ತೊಂದು ದಿನ ತೆಗಿ ಎನ್ನಬಹುದು. ಎನ್ನಲಿಕ್ಕಿಲ್ಲ. ಭಾವನ ಮಾತು ನಡೆಯುವ ಹನ್ನೆರಡು ಹಳ್ಳಿಗಳಿದ್ದವು, ವೀಕ್ಷಕರ ಮುಂದೆ ತನ್ನ ಪಕ್ಕ ಕೂರುವವನೂ ಭಾವನೇ. ಅಂಗಡಿಯಲ್ಲಾಗಿದ್ದರೆ ಇದು ಒಂದು ಸಮಸ್ಯೆಯೇ ಅಲ್ಲ. ಅಲ್ಲಿ ಒಬ್ಬರಾದ ಮೇಲೆ ಒಬ್ಬರು ಬರುತ್ತಾರೆ, ಎದುರಿಗೆ ಕೂತವರಿಗೆ ಬೇಕಾದ ಮಾತು ಆಡಿದರೆ ಮುಗಿಯಿತು. ಈ ಬಣ್ಣ ನಿಮಗೇ ಹೇಳಿ ಮಾಡಿಸಿದ್ದು ಎಂದು ಬೆಳಿಗ್ಗೆ ಒಬ್ಬಳಿಗೆ ಹೇಳಿದ್ದನ್ನು ಸಂಜೆ ಇನ್ನೊಬ್ಬಳಿಗೂ ಹೇಳಬಹುದು. ಒಗ್ಗದವರು ಎದ್ದು ಪಕ್ಕದಂಗಡಿಗೆ ಹೋಗುತ್ತಾರೆ. ಕೆಳಗೇರಿಯವರು ಎದ್ದು ಯಾವ ಪಕ್ಕದೂರಿಗೆ ಹೋಗಬೇಕು? ಹೆಣ ಇಟ್ಟುಕೊಂಡು ಯಾವ ಪಕ್ಕದ ಪಂಚಾಯ್ತಿಯ ಅಧ್ಯಕ್ಷನನ್ನು ಕೇಳಬೇಕು? ಈ ಯೋಚನೆ ಬಂದಾಗ ಅವನಿಗೆ ಕುತ್ತಿಗೆಯ ಗುಂಡಿ ಬಿಗಿಯಾಯಿತು. ಬಿಚ್ಚಿದ. ವೀಕ್ಷಕರ ನೆನಪಾಗಿ ಮತ್ತೆ ಹಾಕಿಕೊಂಡ.

ಅಂಗಡಿಯ ಮುಂದೆ ಗುಮಾಸ್ತ ನಾಗೇಂದ್ರ ಷಟರು ಎತ್ತಿ ನೀರು ಚಿಮುಕಿಸುತ್ತಿದ್ದ. ಎದುರಿನ ಔಷಧಿ ಅಂಗಡಿಯ ಮುಚ್ಚಿದ ಬಾಗಿಲಿಗೆ ಒರಗದೆ, ಎರಡು ಕೈಯನ್ನೂ ಹೊಟ್ಟೆಯ ಮೇಲೆ ಕಟ್ಟಿಕೊಂಡು ಪುಟ್ಟಮಾದು ನಿಂತಿದ್ದ. ಮಲ್ಲಾಜಮ್ಮನ ಗಂಡ. ಹೆಣಕ್ಕೆ ಹೊದಿಸುವ ಸೀರೆಯನ್ನು ತವರಿನವರು ತರಬೇಕು. ತವರಿನಲ್ಲಿ ಯಾರೂ ಉಳಿದಿರಲಿಲ್ಲವಾಗಿ ಅವನೇ ಮೊದಲ ಬಸ್ಸು ಹತ್ತಿ ಬಂದಿದ್ದ. ಕಾರಿನಿಂದಿಳಿದ ಸೋಮಶೇಖರನನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದ. “ಬೋಣಿ ಆಗ್ಲಿ ಬುದ್ಧಿ. ನಾ ನಿಂತಿರ್ತೀನಿ,” ಎಂದ. ಕೋಪವಿಲ್ಲ, ಕೊಂಕಿಲ್ಲ, ಅಂಗಡಿಯ ಪದ್ಧತಿ ಬಲ್ಲವನು ಹೇಳುವ ಹಾಗೆ ಹೇಳಿದ.

ಹೆಣದ ಬಟ್ಟೆಯನ್ನು ಬೋಣಿಗೆ ಕೊಡುವುದಿಲ್ಲ. ಅದೂ ಅಪ್ಪನ ಪಾಠವೇ. ಸಾವಿನ ಮನೆಯವರು ಬಾಗಿಲು ತೆರೆಯುವ ಹೊತ್ತಿಗೆ ಬಂದರೆ ಇಲ್ಲ ಅನ್ನುವ ಹಾಗೂ ಇಲ್ಲ, ಕೊಡುವ ಹಾಗೂ ಇಲ್ಲ. ಬೇರೆ ಯಾರಾದರೂ ಒಂದು ಒಳ್ಳೆಯ ಬಟ್ಟೆ ಕೊಳ್ಳುವ ತನಕ ಹೊರಗೆ ನಿಲ್ಲಿಸಬೇಕು. ಹದಿನಾಲ್ಕು ವರ್ಷದ ಹಿಂದೆ ಇದೇ ಪುಟ್ಟಮಾದು ಇದೇ ಜಾಗದಲ್ಲಿ ನಿಂತಿದ್ದ, ಆಗ ಅವನ ಮೀಸೆ ಕಪ್ಪಗಿತ್ತು. ಮಗಳು ಶಿವರಂಜಿನಿ ಜ್ವರದಲ್ಲಿ ತೀರಿಕೊಂಡಿದ್ದಳು, ಆರು ವರ್ಷ. ಒಂದ್ ನಿಮಿಷ ನಿಂತ್ಕ ಪುಟ್ಟಮಾದು ಎಂದಿದ್ದ ಸೋಮಶೇಖರ. ಅವತ್ತು ಗಿರಾಕಿಯೇ ಬರಲಿಲ್ಲ. ರಾತ್ರಿಯೆಲ್ಲ ಮುಚ್ಚಿರುವ ಬಂಡೀಪುರದ ಕಾಡಿನ ಗೇಟು ಆರಕ್ಕೆ ತೆಗೆದು ಕೇರಳದ ಮೊದಲ ಜೀಪು ಅಂಗಡಿ ಮುಂದೆ ನಿಂತಾಗ ಏಳೂವರೆ ದಾಟಿತ್ತು. ಅದರಲ್ಲಿ ಬಂದ ಮಲಯಾಳಿ ಮುದುಕ ಮೈ ಒರೆಸುವ ಮೂರು ತೋರ್ತು ಬಿಡಿಸಿ ನೋಡಿ, ಬೆಳಕಿಗೆ ಹಿಡಿದು, ಒಂದನ್ನು ತೆಗೆದುಕೊಂಡ. ಆಮೇಲೆ ಪುಟ್ಟಮಾದುವನ್ನು ಕರೆದದ್ದು. ಎಷ್ಟು ಬೇಕು ಎಂದು ಕೇಳಿದರೆ ಅವನು ಬಾಯಲ್ಲಿ ಹೇಳಲಿಲ್ಲ. ಬಗ್ಗಿ, ನೆಲದಿಂದ ಇಷ್ಟೆತ್ತರ ಎಂದು ಅಂಗೈ ಹಿಡಿದು ತೋರಿಸಿದ. ಮಗು ಪಕ್ಕದಲ್ಲೇ ನಿಂತಿದ್ದಂತೆ ಕೈ ಒಂದು ಕ್ಷಣ ಗಾಳಿಯಲ್ಲೇ ನಿಂತಿತ್ತು. ಸೋಮಶೇಖರ ಎರಡು ಮೀಟರು ಬಿಳಿ ಮಲ್ಲು ಬಟ್ಟೆ ಹರಿದು ದುಡ್ಡು ಬೇಡ ಎಂದ. ಬೇಡ ಎಂದದ್ದರಿಂದ ಎಲ್ಲ ಸರಿಹೋಯಿತೆಂದು ಅವತ್ತು ಸಂಜೆಯವರೆಗೆ ನಂಬಿದ್ದ. ಊಟಕ್ಕೆ ಕೂತಾಗ ಆ ಅಂಗೈ ನೆನಪಾಗಿ ಅರ್ಧಕ್ಕೇ ಎದ್ದು ಕೈ ತೊಳೆದ.

ಇವತ್ತು ಹಾಗಾಗಬಾರದು. ಒಳಗೆ ಬಾ ಪುಟ್ಟಮಾದು, ಮೊದಲು ನಿನ್ನದೇ ಆಗಲಿ ಎಂದು ಹೇಳಬೇಕು, ಈ ಹಾಳು ಶಾಸ್ತ್ರ ಇವತ್ತಿಗೆ ಮುರಿದುಬೀಳಲಿ ಎಂದುಕೊಂಡು ಅವನು ಮೆಟ್ಟಿಲು ಹತ್ತಿದ. ಹತ್ತಿದವನು ಊದುಬತ್ತಿ ಹಚ್ಚಿದ. ಅಪ್ಪನ ಪಟಕ್ಕೆ ಹೂ ಏರಿಸಿದ. ಮೀಟರು ಕೋಲನ್ನು ಕಣ್ಣಿಗೊತ್ತಿಕೊಂಡ. ಬೇರೆ ಯಾವ ದಿನವಾದರೂ ಆಗಿದ್ದರೆ ಕರೆಯುತ್ತಿದ್ದೆ, ಇವತ್ತೊಂದು ದಿನ, ವೀಕ್ಷಕರು ಬರುವ ದಿನ ಎಂದು ಒಳಗೊಂದು ದನಿ ಹೇಳುತ್ತಿತ್ತು. ಕೈಗೆ ಇನ್ನೇನು ಕೆಲಸ ಕೊಡಲಿ ಎಂದು ಹುಡುಕುತ್ತಿದ್ದಾಗ ಕೇರಳದ ನಂಬರಿನ ಕಾರೊಂದು ನಿಂತು, ಇಬ್ಬರು ಹೆಂಗಸರು ಇಳಿದು ಬಂದು ಓಣಂಗೆ ಜರಿಯಂಚಿನ ಕಸವಿನ ಮುಂಡು ಕೇಳಿದರು. ಸೋಮಶೇಖರನ ಎದೆ ಹಗುರಾಯಿತು. ಹಗುರಾದದ್ದು ಗೊತ್ತಾಗಿ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಎರಡೂ ಒಟ್ಟಿಗೇ ಆದವು, ಮತ್ತು ಆ ಹೊತ್ತಿನಲ್ಲೇ ಅವನು ಹೆಂಗಸರಿಗೆ ಕಸವಿನ ಅಂಚು ತಿರುವಿ ತೋರಿಸುತ್ತಿದ್ದ.

ಆಮೇಲೆ ಪುಟ್ಟಮಾದು ಒಳಗೆ ಬಂದು ನೆಲದಲ್ಲೇ ಕುಕ್ಕರಗಾಲಲ್ಲಿ ಕೂತ. ನಾಗೇಂದ್ರ ಸಾವಿಗೆ ಕೊಡುವ ಅಗ್ಗದ ಸೀರೆಗಳ ಕಟ್ಟು ಎಳೆದ. ಸೋಮಶೇಖರ ಅದನ್ನು ಕಣ್ಣಲ್ಲೇ ಬೇಡವೆಂದು, ಮೇಲಿನ ಸಾಲಿನಿಂದ ಐದಾರು ಒಳ್ಳೆಯವನ್ನು ತಾನೇ ತೆಗೆದು ಹರಡಿದ. ಗಿರಾಕಿಯ ಕೈ ಎಲ್ಲಿ ನಿಲ್ಲುತ್ತದೋ ಮನಸ್ಸು ಅಲ್ಲಿರುತ್ತದೆ. ಇದು ಯಾರೂ ಕಲಿಸದೆ ಅವನೇ ಕಲಿತ ವಿದ್ಯೆ. ಪುಟ್ಟಮಾದುವಿನ ಕೈ ಎಲೆಹಸಿರು ಸೀರೆಯ ಮೇಲೆ ನಿಂತಿತು. ಮದುವೆಯಲ್ಲಿ ಇಂಥದೇ ಉಟ್ಟಿದ್ದಳು ಎಂದ, ಯಾರಿಗೂ ಅಲ್ಲದ ಹಾಗೆ. ದುಡ್ಡು ಬೇಡ ಎಂದು ಸೋಮಶೇಖರ ಹೇಳುವಷ್ಟರಲ್ಲಿ ಅವನು ಮಡಿಚಿದ ನೋಟುಗಳನ್ನು ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟಾಗಿತ್ತು.

“ಸೀರೆ ನಾನು ಕೊಂಡ್ಕತೀನಿ ಬುದ್ಧಿ. ದಾರಿ ನೀವು ಕೊಡಿ.”

ಸೋಮಶೇಖರ ‘ಬತ್ತೀನಿ’ ಎಂದ. ಈ ಸಲ ನೋಡನ ಅನ್ನಲಿಲ್ಲ, ಬತ್ತೀನಿ ಎಂದೇ ಹೇಳಿದ. ಭಾವನಿಗೆ ಬೆಳಿಗ್ಗೆ ಹೇಳಿದ ‘ಆಯ್ತು’ ಎಷ್ಟು ನಿಜವಾಗಿತ್ತೋ ಇದೂ ಅಷ್ಟೇ ನಿಜವಾಗಿತ್ತು. ಇಬ್ಬರಿಗೂ ಸುಳ್ಳು ಹೇಳಿರಲಿಲ್ಲ ಎನ್ನುವುದೇ ಅವನನ್ನು ಹೆಚ್ಚು ಹೆದರಿಸಿತು.

ಚಾಮರಾಜನಗರದ ಕಲ್ಯಾಣಮಂಟಪದ ಮಹಡಿಯ ಕೋಣೆಯಲ್ಲಿ ಮೂವರು ವೀಕ್ಷಕರು ಕೂತಿದ್ದರು. ಕಿಟಕಿಗಳಿಗೆ ಪರದೆ, ಒಂದು ಫ್ಯಾನು, ಗೋಡೆಗೆ ಮದುವೆಯ ದಿನದಿಂದ ಉಳಿದ ಬಣ್ಣದ ಕಾಗದ. ನೀಲಕಂಠಸ್ವಾಮಿ ಮೊದಲೇ ಬಂದು ಅವನಿಗೊಂದು ಕುರ್ಚಿ ಹಿಡಿದಿದ್ದ. ಹಿರಿಯ ವೀಕ್ಷಕರು ಚೆನ್ನಾಗಿಯೇ ಮಾತಾಡಿದರು. ನಮಗೆ ಭಾಷಣದವರು ಸಾಕಾಗಿದ್ದಾರೆ, ನಿಮ್ಮಂಥ ಯಶಸ್ವಿ ವ್ಯಾಪಾರಸ್ಥರು ಬೇಕು, ಹತ್ತು ಜನರನ್ನು ಸಂಭಾಳಿಸಿ ಗೊತ್ತಿರುವವರು ಬೇಕು ಎಂದರು. ಊರಲ್ಲಿ ಏನಾದರೂ ತಕರಾರು ಇದೆಯೇ, ಜಾತಿ ಗೀತಿ, ಎಂದು ಎರಡನೆಯವರು ಕೇಳಿದಾಗ ಭಾವನ ಕೈ ಅವನ ತೊಡೆಯ ಮೇಲೆ ಬಂದು ಕೂತಿತು. ಗೋಡೆಯ ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. ಈಗ ಹೇಳಬೇಕು, ಇದೆ ಸಾರ್, ಈಗಲೇ ನಾನು ಹೋಗಬೇಕು ಅನ್ನಬೇಕು. ‘ಯಾರಿಗೂ ಇಲ್ಲ ಅಂದವನಲ್ಲ ಸಾರ್ ನಾನು’ ಎಂದು ಅವನು ಹೇಳಿದ್ದು ಅವನಿಗೇ ಕೇಳಿಸಿತು. ಮೂವರೂ ಮೆಚ್ಚಿ ತಲೆ ಆಡಿಸಿದರು. ಮೂರನೆಯವರು, ಮೈಸೂರಿನ ಕಡೆಯ ಒಬ್ಬ ಯುವಕ, ತೋಳು ಮುಂದೆ ಚಾಚಿ, ನೀವು ಬಟ್ಟೆಯವರಲ್ವಾ, ಇದು ಅಪ್ಪಟ ಲಿನನ್ನಾ ಅಥವಾ ಮಿಕ್ಸಾ ಮುಟ್ಟಿ ಹೇಳಿ ನೋಡೋಣ ಎಂದರು. ಸೋಮಶೇಖರ ಎದ್ದು, ಮೇಜಿನ ಮೇಲೆ ಬಗ್ಗಿ, ಎರಡು ಬೆರಳಲ್ಲಿ ಅಂಗಿಯ ತುದಿ ಹಿಡಿದು ತಿಕ್ಕಿದ. ಅರ್ಧಕ್ಕರ್ಧ ಪಾಲಿಯೆಸ್ಟರು. ‘ಅಪ್ಪಟ’ ಎಂದ. ಯುವಕ ಗೆದ್ದವನಂತೆ ಉಳಿದಿಬ್ಬರ ಕಡೆ ನೋಡಿದ, ಎಲ್ಲರೂ ನಕ್ಕರು, ಭಾವ ಎಲ್ಲರಿಗಿಂತ ಜೋರಾಗಿ ನಕ್ಕ. ಬಗ್ಗಿದ ಸೊಂಟವನ್ನು ನೆಟ್ಟಗೆ ಮಾಡಲು ಸೋಮಶೇಖರನಿಗೆ ಒಂದು ಗಳಿಗೆ ಬೇಕಾಯಿತು.

ವಾಪಸು ಹೊರಟಾಗ ಭಾವ ತನ್ನ ಗಾಡಿ ಕಳಿಸಿ ಇವನ ಕಾರಿಗೇ ಹತ್ತಿ ಪಕ್ಕದಲ್ಲಿ ಕೂತ. ಉಡಿಗಾಲದ ಹತ್ತಿರ ಕಾರು ಸೂರ್ಯಕಾಂತಿ ಹೊಲಗಳ ನಡುವೆ ಹೋಗುತ್ತಿದ್ದಾಗ ಸೋಮಶೇಖರ ಮಲ್ಲಾಜಮ್ಮನ ಮಾತು ತೆಗೆದ. ಒಂದೇ ಒಂದು ದಿನಕ್ಕೆ ಗೇಟಿನ ಬೀಗದ ಕೈ ಕೊಡು ಭಾವ ಎಂದು ಕೇಳಿದ. ಹೀಗೆ ಕೇಳುವಾಗ ಅವನ ದನಿ ಸಾಲ ಕೇಳುವವನ ದನಿಯಾಗಿತ್ತು. ಭಾವ ಕಿಟಕಿಯಾಚೆ ನೋಡುತ್ತಲೇ ಉತ್ತರ ಕೊಟ್ಟ: ಒಂದು ದಿನ ತೆಗೆದರೆ ಅದು ದಾರಿ ಅಂತ ಒಪ್ಪಿದ ಹಾಗೆ, ಆಮೇಲೆ ಮುಚ್ಚೋಕಾಗಲ್ಲ. ಸ್ವಲ್ಪ ದೂರ ಹೋದ ಮೇಲೆ ತಾನೇ ನಕ್ಕು ಮುಂದುವರಿಸಿದ. “ಆ ಯಮ್ಮ ಸತ್ತದ್ದು ನಂಗೆ ಐದೂ ಕಾಲಿಗೇ ಗೊತ್ತಾಯ್ತು ಕಣೋ, ತೋಟದ ಆಳು ಬಂದು ಹೇಳ್ದ. ಅವ್ರು ಬರೋಕೆ ಮುಂಚೆ ನಾ ಬರ್ಬೇಕು ಅಂತಾವ ಮುಖಾನೂ ತೊಳೀದೆ ಬಂದೆ.” ಸೋಮಶೇಖರ ಸ್ಟೀರಿಂಗನ್ನು ಗಟ್ಟಿಯಾಗಿ ಹಿಡಿದ. ಮೂರು ಮಳಿಗೆಯ ಯಜಮಾನನನ್ನು, ಮನುಷ್ಯರ ಕೈ ನೋಡಿ ಮನಸ್ಸು ಓದುವವನನ್ನು, ತನ್ನ ಹೆಂಡತಿಯ ಅಣ್ಣ ಒಂದು ಕರವಸ್ತ್ರದ ಹಾಗೆ ಬೋಣಿಗೆ ಕೊಂಡುಕೊಂಡು ಜೇಬಿಗಿಟ್ಟುಕೊಂಡಿದ್ದ. ಸಿಟ್ಟು ಬಂತು. ಕಾರು ನಿಲ್ಲಿಸಿ ಇಳಿ ಕೆಳಗೆ ಅನ್ನಬೇಕೆನಿಸಿತು. ಅನ್ನುವ ಮುಂಚೆಯೇ ಮುತ್ತಿನಹುಂಡಿಯ ತಿರುವು ಬಂದು, ತಮಟೆಯ ಸದ್ದು ಕೇಳಿಸಿತು.

ಗೇಟಿನ ಮುಂದೆ ಮೂವತ್ತು ನಲವತ್ತು ಜನ. ಚಟ್ಟ ನಾಲ್ವರ ಹೆಗಲ ಮೇಲಿತ್ತು. ನಡುದಾರಿಯಲ್ಲಿ ಇಳಿಸಬಾರದೆಂದು ಹೊತ್ತೇ ನಿಂತಿದ್ದರು, ದಣಿದವರ ಹೆಗಲಿಗೆ ಬೇರೆಯವರು ಹೆಗಲು ಕೊಡುತ್ತಿದ್ದರು. ಎಲೆಹಸಿರು ಸೀರೆ ಬಿಸಿಲಿಗೆ ಹೊಳೆಯುತ್ತಿತ್ತು. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಇಷ್ಟು ಚೆನ್ನಾಗಿ ಕಂಡಿರಲಿಲ್ಲ. ಕಾರು ಕಂಡ ಕೂಡಲೇ ತಮಟೆ ನಿಂತು, ಎಲ್ಲರ ಮುಖವೂ ಇತ್ತ ತಿರುಗಿತು. ಶಂಕರ್ ಕಾರಿನೊಳಗೆ ಯಾರು ಯಾರಿದ್ದಾರೆಂದು ನೋಡಿ ಬಾಯಿ ಬಿಗಿದುಕೊಂಡ. ಭಾವ ಸೀಟಿನಿಂದ ಅಲ್ಲಾಡಲಿಲ್ಲ. ಬೀಗದ ಕೈಗೊಂಚಲನ್ನು ಜೇಬಿನ ಹೊರಗಿನಿಂದಲೇ ಅಂಗೈಯಲ್ಲಿ ಮುಚ್ಚಿಕೊಂಡು ಕೂತಿದ್ದ.

ಸೋಮಶೇಖರ ಇಳಿದ. ಇಳಿದು ಬಾಗಿಲು ಹಾಕದೆ ಹತ್ತು ಹೆಜ್ಜೆ ನಡೆದ. ಒಂದು ಬದಿಗೆ ಗೇಟು, ಇನ್ನೊಂದು ಬದಿಗೆ ಚಟ್ಟ, ಬೆನ್ನಿಗೆ ಕಾರು. ಹೇಳಬೇಕಾದ ಮಾತು ಚಿಕ್ಕದು, ಮೂರು ಪದ: ‘ಈ ಗೇಟು ಮುರೀರಿ’. ಅಧ್ಯಕ್ಷ ಹೇಳಿದರೆ ಮುರಿಯಲು ನಲವತ್ತು ಕೈಗಳಿದ್ದವು, ಕೇಸಾದರೆ ಅಧ್ಯಕ್ಷನ ಮೇಲೆ ಆಗುತ್ತಿತ್ತು. ಶಂಕರನ ಕೆಲಸ ಉಳಿಯುತ್ತಿತ್ತು. ಅದನ್ನು ಜೋರಾಗಿ, ಭಾವನಿಗೂ ಇವರಿಗೂ ಒಂದೇ ಸಲ ಕೇಳುವ ಹಾಗೆ ಹೇಳಬೇಕು. ಇಷ್ಟು ವರ್ಷದಲ್ಲಿ ತಾನು ಇಬ್ಬರು ಒಟ್ಟಿಗೆ ಕೇಳುವ ಒಂದು ಮಾತನ್ನೂ ಆಡಿಲ್ಲ ಎಂದು ಅವನಿಗೆ ಹೊಳೆದದ್ದು ಆಗ. ತುಟಿ ಅಗಲವಾಗುತ್ತಿರುವುದು ಗೊತ್ತಾಗಿ ಕೈಯಲ್ಲಿ ಬಾಯಿ ಒರೆಸಿಕೊಂಡ, ಆ ನಗೆ ಹೋಗಲಿಲ್ಲ. ಪುಟ್ಟಮಾದು ಮುಂದೆ ಬಂದು, ಬೆಳಿಗ್ಗೆ ನಿಂತ ಹಾಗೆಯೇ ಎರಡು ಕೈ ಹೊಟ್ಟೆಯ ಮೇಲೆ ಕಟ್ಟಿ ನಿಂತ. ಸೋಮಶೇಖರನ ಬಾಯಿ ತೆರೆಯಿತು.

“ಒಂದ್ ನಿಮಿಷ ನಿಂತ್ಕ ಪುಟ್ಟಮಾದು.”

ಹೇಳಿದ ಮೇಲೆ ಆ ಮಾತು ಅವನ ಕಿವಿಗೆ ಬಿತ್ತು. ಪುಟ್ಟಮಾದುವಿನ ಕಿವಿಗೂ ಬಿದ್ದಿರಬೇಕು. ಕಟ್ಟಿದ ಕೈ ಮೆಲ್ಲಗೆ ಬಿಚ್ಚಿಕೊಂಡವು.

“ಅವತ್ತಿಂದ ನಿಂತೇ ಇವ್ನಿ ಬುದ್ಧಿ,” ಎಂದ ಅವನು. “ನಾನು ಇನ್ನೂ ನಿಲ್ತೀನಿ. ಇವ್ಳು ನಿಲ್ಲಾಕಾಗಕಿಲ್ಲ.”

ಅಷ್ಟು ಹೇಳಿ ಚಟ್ಟದ ಕಡೆ ತಿರುಗಿ ಕೈ ಬೀಸಿದ. ಶಂಕರ್ ಅಪ್ಪನ ಮುಖ ನೋಡಿ, ಮುಂದಿನ ಬಲಗಡೆಯ ಹೆಗಲಿಗೆ ತಾನೇ ಹೋದ. ಚಟ್ಟ ತಿರುಗಿತು. ತಮಟೆ ಮತ್ತೆ ಶುರುವಾಗಿ ಹಳ್ಳದ ಕಡೆಗೆ ಇಳಿಯಿತು. ಯಾರೂ ಬಯ್ಯಲಿಲ್ಲ, ಯಾರೂ ಹಿಂದಿರುಗಿ ನೋಡಲಿಲ್ಲ. ಕೆಸರಿನಲ್ಲಿ ಮೊದಲ ಜೋಡಿ ಕಾಲು ಹೂತಾಗ ಹಸಿರು ಸೀರೆ ಒಂದು ಕಡೆಗೆ ವಾಲಿತು. ಹತ್ತು ಕೈ ಒಟ್ಟಿಗೆ ಮೇಲೆದ್ದು ಹಿಡಿದವು. ಸೋಮಶೇಖರನ ಕೈಯೂ ಎದ್ದಿತ್ತು, ಐವತ್ತು ಅಡಿ ದೂರದಲ್ಲಿ. ಅದನ್ನು ಅವನು ಮೆಲ್ಲಗೆ ಇಳಿಸಿಕೊಂಡ. ಓಡಿಹೋಗಿ ಒಂದು ಹೆಗಲು ಕೊಡಬಹುದಿತ್ತು. ಕೊಟ್ಟರೆ ತೆಗೆದುಕೊಳ್ಳುತ್ತಾರೋ ಇಲ್ಲವೋ ಗೊತ್ತಾಗದೆ, ಜೀವನದಲ್ಲಿ ಮೊದಲ ಸಲ ಯಾರಾದರೂ ತನಗೆ ಇಲ್ಲ ಅಂದುಬಿಟ್ಟಾರು ಎಂದು ಹೆದರಿ ನಿಂತಲ್ಲೇ ನಿಂತ.

ತಮಟೆ ದೂರವಾದ ಮೇಲೆ ಭಾವ ಕಾರಿನಿಂದ ತಲೆ ಹೊರಗೆ ಹಾಕಿದ. ಮುಖದಲ್ಲಿ ನಿಜವಾದ ಮೆಚ್ಚುಗೆ ಇತ್ತು.

“ಒಂದು ಗಲಾಟೆ ಇಲ್ದೆ ಕಳಿಸ್ಬುಟ್ಟೆ ಕಣೋ ಸೋಮು. ಇದು ಎಲ್ರಿಗೂ ಬರಾಕಿಲ್ಲ. ಇಂಥೋರೇ ಬೇಕಾಗಿರೋದು ಪಾರ್ಟಿಯೋರಿಗೆ. ಬಾ, ಓಗನ.”

ಸೋಮಶೇಖರ ಬಂದು ಕಾರಿನಲ್ಲಿ ಕೂತು ಬಾಗಿಲು ಹಾಕಿಕೊಂಡ.